ನಿಮ್ಮ ಮೊದಲ ಕೇಸ್ ನಿಮ್ಮದೇ ಆಗಲಿ: ಪೆಪ್ಪರ್‌ಡೈನ್ ಬಿಸಿನೆಸ್ ಸ್ಕೂಲಿಗೆ ಒಂದು ಬಹಿರಂಗ ಪತ್ರ

ಪೆಪ್ಪರ್‌ಡೈನ್ ಯೂನಿವರ್ಸಿಟಿಯ ಗ್ರಾಜಿಯಾಡಿಯೊ ಬಿಸಿನೆಸ್ ಸ್ಕೂಲಿನ ಡೀನ್ ಅವರಿಗೆ, ಅಲ್ಲಿ ಪಾಠ ಮಾಡುವ ಎಲ್ಲರಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮಲ್ಲಿ ಎಂಬಿಎಗೆ ಸೇರುವ ಪ್ರತಿಯೊಬ್ಬರೂ ಮೊದಲ ಟರ್ಮಿನಲ್ಲಿ ಓದಲೇಬೇಕಾದ ಒಂದು ಕೇಸ್, ಅಂದರೆ ನಿಜವಾಗಿ ನಡೆದದ್ದನ್ನು ಇಟ್ಟುಕೊಂಡು ತರಗತಿಯಲ್ಲಿ ಚರ್ಚಿಸುವ ಪಾಠ, ಬರೆಯಿರಿ. ಅದು ಬೇರೆ ಯಾವ ಕಂಪನಿಯದ್ದೂ ಬೇಡ, ನಿಮ್ಮದೇ ಇರಲಿ. ಪೆಪ್ಪರ್‌ಡೈನ್ ಅನ್ನುವ ಹೆಸರಿನ ಹಿಂದಿನ ದುಡ್ಡು ಹೇಗೆ ಬಂತು, ಹೇಗೆ ದಾನವಾಯಿತು, ಉಳಿದದ್ದು ಹೇಗೆ ಮುಳುಗಿತು. ಒಂದು ಬಡಾವಣೆಯಲ್ಲಿ ಹುಟ್ಟಿದ ಕಾಲೇಜು ಅದನ್ನು ಬಿಟ್ಟು ಸಮುದ್ರದ ದಡಕ್ಕೆ ಯಾಕೆ ಹೋಯಿತು. ಇಷ್ಟನ್ನೂ ಬರೆಯಿರಿ. ಗೆದ್ದದ್ದನ್ನು ದೊಡ್ಡದು ಮಾಡಿ, ಸೋತದ್ದನ್ನು ಅಡಿಟಿಪ್ಪಣಿಗೆ ತಳ್ಳದೆ ಬರೆಯಿರಿ.

ನಿಮಗೆ ಕನ್ನಡ ಬರುವುದಿಲ್ಲ ಅಂತ ಗೊತ್ತು. ಆದರೂ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಅಮೆರಿಕಕ್ಕೆ ಎಂಬಿಎ ಓದಲು ಹೊರಡುವ ನಮ್ಮ ಹುಡುಗ ಹುಡುಗಿಯರು ಕಾಲೇಜು ಆರಿಸುವಾಗ ರ‍್ಯಾಂಕಿಂಗ್ ನೋಡುತ್ತಾರೆ, ಫೀಸು ನೋಡುತ್ತಾರೆ, ಓದು ಮುಗಿದ ಮೇಲೆ ಕೆಲಸ ಸಿಗುತ್ತಾ ಅಂತ ನೋಡುತ್ತಾರೆ. ಹೆಸರಿನಲ್ಲಿ ‘ಕ್ರಿಶ್ಚಿಯನ್ ಯೂನಿವರ್ಸಿಟಿ’ ಅಂತ ಕಂಡರೆ ಪ್ರಾರ್ಥನೆಗೆ ಕಡ್ಡಾಯವಾಗಿ ಹೋಗಬೇಕಾ ಅಂತ ಒಂದು ಪ್ರಶ್ನೆ ಕೇಳಿ ಮುಂದೆ ಹೋಗುತ್ತಾರೆ. ಆ ಸಂಸ್ಥೆ ಹೇಗೆ ಯೋಚಿಸುತ್ತದೆ, ಕಷ್ಟ ಬಂದಾಗ ಏನು ಮಾಡಿದೆ ಅಂತ ಯಾರೂ ಕೇಳುವುದಿಲ್ಲ. ಅವರೂ ಇದನ್ನು ಓದಲಿ. ಪತ್ರ ನಿಮಗೆ, ಕಿವಿ ಅವರದ್ದು.

ನಾನು ನಿಮ್ಮ ಹಳೇ ವಿದ್ಯಾರ್ಥಿಯಲ್ಲ. ಕ್ರೈಸ್ತನೂ ಅಲ್ಲ. ಬಿಸಿನೆಸ್ ಕೇಸ್‌ಗಳನ್ನು ಸುಮ್ನೆ ಓದುವ ಚಟ ಇದೆ, ಅಷ್ಟೇ. ಓದುತ್ತಾ ಓದುತ್ತಾ ಒಂದು ವಿಚಿತ್ರ ಕಂಡಿದೆ. ಬಿಸಿನೆಸ್ ಸ್ಕೂಲುಗಳು ಬೇರೆಯವರ ತಪ್ಪನ್ನು ಎಷ್ಟು ಚೆನ್ನಾಗಿ ಬಿಡಿಸಿ ನೋಡುತ್ತವೆ ಅಂದರೆ, 1982ರ ಟೈಲೆನಾಲ್ ಮಾತ್ರೆಯ ವಿಷ ಪ್ರಕರಣ, 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಸ್ಫೋಟ, 2001ರ ಎನ್ರಾನ್ ಕಂಪನಿಯ ದಿವಾಳಿ, ಎಲ್ಲದರಲ್ಲೂ ಯಾರು ಯಾವ ಗಳಿಗೆಯಲ್ಲಿ ಬಾಯಿ ಬಿಡಬೇಕಿತ್ತು ಅಂತ ಇಪ್ಪತ್ತೈದು ವರ್ಷದ ಹುಡುಗ ಕೂಡ ಹೇಳಬಲ್ಲ. ತನ್ನದೇ ಕಾಲೇಜು ಯಾವ ಗಳಿಗೆಯಲ್ಲಿ ಏನು ಮಾಡಿತು ಅಂತ ಅವನನ್ನು ಕೇಳಿ ನೋಡಿ.

ಶುರುವಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ, ಆದರೆ ಕನ್ನಡದ ಓದುಗರಿಗೆ ಬೇಕು.

ಜಾರ್ಜ್ ಪೆಪ್ಪರ್‌ಡೈನ್ ಹುಟ್ಟಿದ್ದು 1886ರಲ್ಲಿ, ಕ್ಯಾನ್ಸಸ್ ರಾಜ್ಯದಲ್ಲಿ. ದೊಡ್ಡವರಾದ ಮೇಲೆ ಕ್ಯಾನ್ಸಸ್ ಸಿಟಿಯ ಒಂದು ಗ್ಯಾರೇಜಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಮಾರುಕಟ್ಟೆಗೆ ಬಂತು. ಆಗಿನ ಕಾರು ಈಗಿನ ಹಾಗೆ ಎಲ್ಲ ಸೇರಿಸಿಕೊಂಡು ಬರುತ್ತಿರಲಿಲ್ಲ. ಮೇಲಿನ ಹೊದಿಕೆ, ಮುಂದಿನ ಗಾಜು, ಸ್ಪೀಡೋಮೀಟರ್ ಇಂಥವಕ್ಕೆಲ್ಲ ಬೇರೆ ದುಡ್ಡು ಕೊಡಬೇಕಿತ್ತು. ಪೇಟೆಯಿಂದ ದೂರ ಇದ್ದವನು ಕಾರನ್ನೇನೋ ಕೊಂಡ, ಆದರೆ ಈ ಸಾಮಾನುಗಳನ್ನು ಎಲ್ಲಿಂದ ತರಿಸಬೇಕು? ಈ ಪ್ರಶ್ನೆ ಪೆಪ್ಪರ್‌ಡೈನ್ ಅವರ ತಲೆಗೆ ಹೊಳೆಯಿತು. 1909ರಲ್ಲಿ 5 ಡಾಲರ್ ಕೊಟ್ಟು 1 ಸೆಂಟಿನ 500 ಅಂಚೆಚೀಟಿ ತಂದರು. ಕಾರು ಇದ್ದವರಿಗೆ ಕಾಗದ ಹಾಕಿದರು. ವೆಸ್ಟರ್ನ್ ಆಟೋ ಸಪ್ಲೈ ಕಂಪನಿ ಶುರುವಾಗಿದ್ದು ಹೀಗೆ.

ಐದು ಡಾಲರಿನ ಕಥೆ ಕೇಳಲು ಚೆಂದ. ದಾನಿಗಳ ಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ನನಗೆ ಮಾತ್ರ ಅಂಚೆಚೀಟಿಗಿಂತ ಗ್ಯಾರೇಜಿನ ಲೆಕ್ಕದ ಪುಸ್ತಕವೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಬೇರೆಯವರ ದುಡ್ಡು ಯಾವುದಕ್ಕೆ ಖರ್ಚಾಗುತ್ತಿದೆ ಅಂತ ದಿನವೂ ಬರೆಯುತ್ತಿದ್ದವನಿಗೆ ಮಾರುಕಟ್ಟೆ ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಇರಲಿ.

ಆರೋಗ್ಯದ ಕಾರಣಕ್ಕೆ ಅವರು ಪಶ್ಚಿಮಕ್ಕೆ ಬಂದರು. ಲಾಸ್ ಏಂಜಲೀಸ್‌ನಲ್ಲಿ ನೆಲೆ ನಿಂತರು. ಅಂಗಡಿಗಳು ಬೆಳೆದವು, ದುಡ್ಡು ಬಂತು. ಚರ್ಚಸ್ ಆಫ್ ಕ್ರೈಸ್ಟ್ ಪಂಗಡದ ಭಕ್ತರು ಅವರು. 1931ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು. 1937ರ ಸೆಪ್ಟೆಂಬರ್‌ನಲ್ಲಿ, ಮಹಾ ಆರ್ಥಿಕ ಕುಸಿತದ ಬಿಸಿ ಇನ್ನೂ ಆರದೇ ಇದ್ದಾಗ, ನಗರದ ದಕ್ಷಿಣ ಭಾಗದ ವರ್ಮಾಂಟ್ ಅವೆನ್ಯೂ ಪಕ್ಕದ 34 ಎಕರೆ ಜಾಗದಲ್ಲಿ ಜಾರ್ಜ್ ಪೆಪ್ಪರ್‌ಡೈನ್ ಕಾಲೇಜು ತೆರೆದರು. ಮೊದಲ ವರ್ಷ ಇದ್ದದ್ದು 167 ವಿದ್ಯಾರ್ಥಿಗಳು. ಸಾಮಾನ್ಯ ಮನೆಯ ಮಕ್ಕಳು ಕೆಲಸಕ್ಕೆ ಬರುವ ವಿದ್ಯೆ ಕಲಿಯಲಿ, ಜೊತೆಗೆ ಕ್ರೈಸ್ತ ನಡತೆಯೂ ಇರಲಿ ಅನ್ನುವುದು ಅವರ ಆಸೆ.

ಇಲ್ಲಿಯವರೆಗಿನದ್ದು ಯಾವ ಕಾಲೇಜಿನ ಮಾಹಿತಿ ಪುಸ್ತಕದಲ್ಲಾದರೂ ಇರುವಂಥ ಕಥೆ. ಕೇಸ್ ಆಗುವುದು ಮುಂದಿನದ್ದು.

ಕಾಲೇಜಿಗೆ ಕೊಟ್ಟ ಮೇಲೆ ಉಳಿದ ದುಡ್ಡನ್ನು ಪೆಪ್ಪರ್‌ಡೈನ್ ಬೇರೆ ಬೇರೆ ಕಡೆ ಹೂಡಿದರು. ಹೂಡಿದ್ದು ಕೈ ಕೊಟ್ಟಿತು. 1950ರ ದಶಕದ ಶುರುವಿನ ಹೊತ್ತಿಗೆ ಸ್ವಂತ ಆಸ್ತಿ ಹೆಚ್ಚುಕಡಿಮೆ ಕರಗಿಹೋಗಿತ್ತು. ಪ್ರತಿಷ್ಠಾನವೂ ಕುಸಿಯಿತು. 1962ರಲ್ಲಿ ತೀರಿಕೊಂಡಾಗ ಅವರು ಶ್ರೀಮಂತರಾಗಿರಲಿಲ್ಲ. ಕಾಲೇಜಿಗೆ ಕೊಟ್ಟಿದ್ದು ಮಾತ್ರ ಉಳಿದಿತ್ತು.

ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ ಅನ್ನುವ ಮಾತು ನಮ್ಮಲ್ಲಿ ಇದೆ. ಭಕ್ತರು ಈ ಕಥೆಯನ್ನು ಓದುವುದು ಹಾಗೇ. ಕೊಟ್ಟ ಕಾರಣಕ್ಕೇ ಉಳಿಯಿತು, ದೇವರ ಲೆಕ್ಕ ಸರಿಯಾಯಿತು ಅಂತ. ಆ ಓದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನೀವು ಬಿಸಿನೆಸ್ ಸ್ಕೂಲ್ ಅಲ್ವಾ? ನಿಮ್ಮ ತರಗತಿಯಲ್ಲಿ ಅಷ್ಟಕ್ಕೇ ನಿಲ್ಲುವಂತಿಲ್ಲ. ಅಂಚೆಚೀಟಿ ಹಚ್ಚಿ ಕಂಪನಿ ಕಟ್ಟಿದ ಅದೇ ತಲೆ ಹೂಡಿಕೆಯಲ್ಲಿ ಯಾಕೆ ಎಡವಿತು? ಒಂದು ವ್ಯಾಪಾರದಲ್ಲಿ ಗೆದ್ದವನಿಗೆ ಗೊತ್ತಿಲ್ಲದ ಇನ್ನೊಂದು ವ್ಯಾಪಾರವೂ ಒಲಿಯುತ್ತದೆ ಅಂತ ಅನ್ನಿಸುವುದು ಯಾಕೆ? ಪ್ರತಿಷ್ಠಾನದ ಮಂಡಳಿಯಲ್ಲಿ ಸಂಸ್ಥಾಪಕರ ಮುಖ ನೋಡಿ ‘ಬೇಡ’ ಅನ್ನಬಲ್ಲವರು ಎಷ್ಟು ಜನ ಇದ್ದರು? ದಾನದ ದುಡ್ಡನ್ನೂ ಹೂಡಿಕೆಯ ದುಡ್ಡನ್ನೂ ಒಂದೇ ಹೆಸರಿನ ಕೆಳಗೆ ಇಟ್ಟರೆ ಏನಾಗುತ್ತದೆ? ಈ ನಾಲ್ಕು ಪ್ರಶ್ನೆಗಳ ಮೇಲೆ ಒಂದು ಪೂರ್ತಿ ಕೋರ್ಸ್ ಓಡಿಸಬಹುದು. ಹೊರಗಿನ ಕಂಪನಿಯ ದಿವಾಳಿಯನ್ನು ಓದುವಾಗ ವಿದ್ಯಾರ್ಥಿಗೆ ಬರುವ ಜಾಣತನ, ತಾನು ಹಾಕಿಕೊಂಡ ಟೀ ಶರ್ಟಿನ ಮೇಲಿರುವ ಹೆಸರಿನ ದಿವಾಳಿಯನ್ನು ಓದುವಾಗ ಬರುವುದಿಲ್ಲ. ಅದಕ್ಕೇ ಇದು ಒಳ್ಳೆಯ ಕೇಸ್.

ಇಲ್ಲೊಂದು ಅಡ್ಡಮಾತು ಹೇಳದಿದ್ದರೆ ಸಮಾಧಾನ ಆಗಲ್ಲ. ನೀವು ಈಗ ಇರುವ, ಲಾಸ್ ಏಂಜಲೀಸ್ ಪಕ್ಕದ ಸಮುದ್ರದ ದಡದ ಮಲಿಬು ಜಾಗಕ್ಕೂ ಇಂಥದ್ದೇ ಒಂದು ಹಿನ್ನೆಲೆ ಇದೆ. ಆ ಇಡೀ ಕರಾವಳಿ ಒಂದು ಕಾಲಕ್ಕೆ ರಿಂಡ್ಜ್ ಕುಟುಂಬದ ಆಸ್ತಿ. 1892ರಲ್ಲಿ ಫ್ರೆಡರಿಕ್ ರಿಂಡ್ಜ್ ಅದನ್ನು ಕೊಂಡರು, 1905ರಲ್ಲಿ ತೀರಿಹೋದರು. ಅವರ ಹೆಂಡತಿ ಮೇ ರಿಂಡ್ಜ್ ತಮ್ಮ ಜಮೀನಿನಲ್ಲಿ ಹೊರಗಿನವರ ರೈಲೂ ಬರಬಾರದು, ರಸ್ತೆಯೂ ಬರಬಾರದು ಅಂತ ವರ್ಷಗಟ್ಟಲೆ ಹೋರಾಡಿದರು. ದೊಡ್ಡ ರೈಲು ಕಂಪನಿಯನ್ನು ತಡೆಯಲು ತಾವೇ ಒಂದು ಪುಟ್ಟ ರೈಲು ದಾರಿ ಹಾಕಿಸಿದರು. ರಸ್ತೆಯ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1923ರಲ್ಲಿ ಅವರು ಸೋತರು. ಆ ರಸ್ತೆಯೇ ಇವತ್ತು ನಿಮ್ಮ ವಿದ್ಯಾರ್ಥಿಗಳು ಓಡಾಡುವ ಪೆಸಿಫಿಕ್ ಕೋಸ್ಟ್ ಹೈವೇ. ಕೋರ್ಟು ಕಚೇರಿಯ ಖರ್ಚು, ಆಮೇಲೆ ಆರ್ಥಿಕ ಕುಸಿತ, ಎರಡೂ ಸೇರಿ ಆಸ್ತಿ ಚೂರಾಯಿತು. 1941ರಲ್ಲಿ ಅವರು ಸಾಯುವ ಹೊತ್ತಿಗೆ ಕೈಯಲ್ಲಿ ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಉಳಿದ ಜಮೀನಿನಲ್ಲಿ 138 ಎಕರೆಯನ್ನು ಅವರ ಮಗಳ ಕುಟುಂಬ, ಅಂದರೆ ಆಡಮ್ಸನ್ ಕುಟುಂಬ, 1968ರಲ್ಲಿ ಪೆಪ್ಪರ್‌ಡೈನ್‌ಗೆ ದಾನ ಕೊಟ್ಟಿತು. ಅಂದರೆ ನಿಮ್ಮ ಹೆಸರು ಕೊಟ್ಟವರೂ ಎಲ್ಲ ಕಳೆದುಕೊಂಡವರು, ನಿಮ್ಮ ನೆಲವನ್ನು ಕಾಯ್ದವರೂ ಎಲ್ಲ ಕಳೆದುಕೊಂಡವರು. ಬೇರೆ ಯಾವ ಬಿಸಿನೆಸ್ ಸ್ಕೂಲಿಗೆ ಇಷ್ಟು ಒಳ್ಳೆಯ ಪಠ್ಯ ಪುಕ್ಕಟೆ ಸಿಕ್ಕಿದೆ ಹೇಳಿ!

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ.

ಕಾಲೇಜು ಹುಟ್ಟಿದಾಗ ವರ್ಮಾಂಟ್ ಅವೆನ್ಯೂ ಸುತ್ತ ಬಿಳಿಯರೇ ಜಾಸ್ತಿ ಇದ್ದರು. ಮೂವತ್ತು ವರ್ಷದಲ್ಲಿ ಅದು ಕರಿಯರ ಬಡಾವಣೆ ಆಯಿತು. 1965ರ ಆಗಸ್ಟ್‌ನಲ್ಲಿ ಹತ್ತಿರದ ವಾಟ್ಸ್‌ನಲ್ಲಿ ಪೊಲೀಸರ ವಿರುದ್ಧದ ಸಿಟ್ಟು ಸ್ಫೋಟಗೊಂಡಿತು. 34 ಜನ ಸತ್ತರು. ಕಾಲೇಜಿನ ಆಡಳಿತದವರಿಗೆ, ದಾನಿಗಳಿಗೆ ಭಯ ಹತ್ತಿತು. ಎರಡನೇ ಕ್ಯಾಂಪಸ್ಸಿಗೆ ಜಾಗ ಹುಡುಕಿದರು. 1968ರಲ್ಲಿ ಮಲಿಬು ಜಾಗ ಸಿಕ್ಕಿತು. 1969ರ ಮಾರ್ಚ್‌ನಲ್ಲಿ, ಬಾಸ್ಕೆಟ್‌ಬಾಲ್ ಆಡಲು ಕ್ಯಾಂಪಸ್ಸಿಗೆ ಬಂದಿದ್ದ ಅದೇ ಬಡಾವಣೆಯ 15 ವರ್ಷದ ಕಪ್ಪು ಹುಡುಗನೊಬ್ಬ ಕಾಲೇಜಿನ ಕಾವಲುಗಾರನ ಗುಂಡಿಗೆ ಬಲಿಯಾದ.

ಅದೇ 1969ರಲ್ಲಿ ನಿಮ್ಮ ಬಿಸಿನೆಸ್ ಸ್ಕೂಲ್ ಶುರುವಾಯಿತು.

ಎರಡಕ್ಕೂ ಗಂಟು ಹಾಕುತ್ತಿದ್ದೇನೆ ಅಂತ ತಿಳಿಯಬೇಡಿ. ಮಲಿಬುಗೆ ಹೋಗುವ ಮಾತು ಆ ಗುಂಡಿಗಿಂತ ಮೊದಲೇ ಶುರುವಾಗಿತ್ತು, ಅದನ್ನು ಮೇಲೆಯೇ ಬರೆದಿದ್ದೇನೆ. ನಾನು ಹೇಳುತ್ತಿರುವುದು ಇಷ್ಟೇ. ಮ್ಯಾನೇಜ್‌ಮೆಂಟ್ ಕಲಿಸುತ್ತೇವೆ ಅಂತ ನೀವು ಬೋರ್ಡು ಹಾಕಿದ ವರ್ಷವೇ, ನಿಮ್ಮ ಸಂಸ್ಥೆಯ ಮ್ಯಾನೇಜ್‌ಮೆಂಟ್ ತನ್ನ ಚರಿತ್ರೆಯಲ್ಲೇ ಅತ್ಯಂತ ಕಷ್ಟದ ಪ್ರಶ್ನೆಯ ಎದುರು ನಿಂತಿತ್ತು. ಇರಬೇಕಾ, ಹೋಗಬೇಕಾ? ಇದ್ದರೆ ಹೇಗೆ ಇರಬೇಕು? ಹೋದರೆ ಯಾರಿಗೆ ಏನು ಉತ್ತರ ಕೊಡಬೇಕು? ಇದಕ್ಕಿಂತ ದೊಡ್ಡ ಮ್ಯಾನೇಜ್‌ಮೆಂಟ್ ಪ್ರಶ್ನೆ ಯಾವುದಿದೆ?

ಮುಂದೆ ಆದದ್ದು ಎಲ್ಲರಿಗೂ ಗೊತ್ತು. 1970ರ ಫೆಬ್ರುವರಿಯಲ್ಲಿ ಮಲಿಬು ಕಾಲೇಜಿಗೆ ಹಣ ಕೂಡಿಸಲು ದೊಡ್ಡ ಔತಣ ನಡೆಯಿತು. ಆಗಿನ ಗವರ್ನರ್ ರೊನಾಲ್ಡ್ ರೇಗನ್ ಬಂದು ಭಾಷಣ ಮಾಡಿದರು. 1972ರಲ್ಲಿ ಮಲಿಬು ಕ್ಯಾಂಪಸ್ ತೆರೆಯಿತು. ವರ್ಮಾಂಟ್ ಅವೆನ್ಯೂ ಕ್ಯಾಂಪಸ್ ಮೆಲ್ಲಗೆ ಖಾಲಿಯಾಯಿತು. 1981ರಲ್ಲಿ ಅದನ್ನು ಕ್ರೆನ್ಶಾ ಕ್ರಿಶ್ಚಿಯನ್ ಸೆಂಟರ್ ಅನ್ನುವ ಚರ್ಚು ಕೊಂಡಿತು. ಆ ಚರ್ಚನ್ನು ಕಟ್ಟಿದವರು ಫ್ರೆಡರಿಕ್ ಪ್ರೈಸ್ ಅನ್ನುವ ಕಪ್ಪು ಪಾದ್ರಿ. 1989ರಲ್ಲಿ ಅದೇ ನೆಲದಲ್ಲಿ ಅವರು ಸಾವಿರಾರು ಜನ ಕೂರುವ ಫೇತ್‌ಡೋಮ್ ಅನ್ನುವ ಗುಮ್ಮಟದ ಚರ್ಚು ಎಬ್ಬಿಸಿದರು.

ಇದನ್ನು ಸ್ವಲ್ಪ ನಿಂತು ನೋಡಿ. ಒಂದು ಕ್ರೈಸ್ತ ಸಂಸ್ಥೆ ಇಲ್ಲಿ ಇರಲು ಆಗುವುದಿಲ್ಲ ಅಂತ ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಕ್ರೈಸ್ತ ಸಂಸ್ಥೆ ಬಂತು. ಅದೇ ನೆಲ, ಅದೇ ಬೈಬಲ್. ಒಬ್ಬರ ಲೆಕ್ಕದಲ್ಲಿ ನಷ್ಟ, ಇನ್ನೊಬ್ಬರ ಲೆಕ್ಕದಲ್ಲಿ ಅವಕಾಶ. ಇಬ್ಬರ ಗಿರಾಕಿಗಳು ಬೇರೆ, ದಾನಿಗಳು ಬೇರೆ, ಅದು ಸರಿ. ವಿದ್ಯಾರ್ಥಿಗಳಿಗಾಗಿ ದೂರದ ಊರುಗಳ ತಂದೆ ತಾಯಿಯನ್ನು ಒಪ್ಪಿಸಬೇಕಾದ ಕಾಲೇಜಿಗೂ, ಪಕ್ಕದ ಬೀದಿಯಿಂದ ನಡೆದು ಬರುವ ಭಕ್ತರ ಚರ್ಚಿಗೂ ವ್ಯತ್ಯಾಸ ಇದೆ. ಆ ವ್ಯತ್ಯಾಸವನ್ನು ಅಂಕಿ ಇಟ್ಟು ಚರ್ಚಿಸಲಿ. ದಾಖಲಾತಿ ಎಷ್ಟು ಇಳಿಯುತ್ತಿತ್ತು, ಜಮೀನಿನ ಬೆಲೆ ಎಷ್ಟಿತ್ತು, ಉಳಿದಿದ್ದರೆ ಎಷ್ಟು ವರ್ಷ ಬದುಕುತ್ತಿತ್ತು ಅಂತ ನಿಮ್ಮ ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಹೋದದ್ದು ಸರಿ ಅಂತಲೇ ಅವರು ತೀರ್ಮಾನಿಸಬಹುದು. ನನಗೆ ಬೇಜಾರಿಲ್ಲ. ಮಲಿಬುಗೆ ಹೋಗದಿದ್ದರೆ ಕಾಲೇಜೇ ಇರುತ್ತಿರಲಿಲ್ಲ ಅನ್ನುವ ವಾದದಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಆದರೆ ಬಾಲಕನ ಸಾವನ್ನು ಆ ಲೆಕ್ಕದ ಹಾಳೆಯಲ್ಲಿ ಯಾವ ಸಾಲಿನಲ್ಲಿ ಬರೆಯುತ್ತಾರೆ ಅಂತ ನೋಡಬೇಕು. ‘ರಿಸ್ಕ್’ ಅಂತ ಬರೆಯುತ್ತಾರಾ? ‘ರೆಪ್ಯುಟೇಶನ್’ ಅಂತ ಬರೆಯುತ್ತಾರಾ? ಅಥವಾ ಆ ಹಾಳೆಗೆ ಅದು ಸೇರುವುದೇ ಇಲ್ಲ, ಅದಕ್ಕೆ ಬೇರೆ ಹಾಳೆ ಬೇಕು ಅನ್ನುತ್ತಾರಾ? ಮೌಲ್ಯ ಇರುವ ನಾಯಕರನ್ನು ತಯಾರು ಮಾಡುತ್ತೇವೆ ಅಂತ ನೀವು ಹೇಳಿಕೊಳ್ಳುತ್ತೀರಿ. ತಯಾರಾಗಿದ್ದಾರಾ ಇಲ್ಲವಾ ಅಂತ ಆ ಒಂದು ಉತ್ತರದಲ್ಲಿ ಗೊತ್ತಾಗುತ್ತದೆ.

ಇಂಥದ್ದನ್ನು ಯಾವ ಕ್ರೈಸ್ತ ವಿಶ್ವವಿದ್ಯಾಲಯ ಮಾಡುತ್ತದೆ ಅಂತ ನೀವು ಕೇಳಬಹುದು. ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮಾಡಿದೆ. ಅದರ ಸಂಗತಿ ನಿಮ್ಮದಕ್ಕಿಂತ ನೂರು ಪಾಲು ಭೀಕರ. 1838ರಲ್ಲಿ ಮೇರಿಲ್ಯಾಂಡಿನ ಜೆಸ್ಯುಟ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿಗಳು ತಮ್ಮ ತೋಟಗಳಲ್ಲಿ ಗುಲಾಮರಾಗಿದ್ದ 272 ಜನರನ್ನು 1,15,000 ಡಾಲರಿಗೆ ಲೂಸಿಯಾನಕ್ಕೆ ಮಾರಿದರು. ಆ ದುಡ್ಡಿನ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ಸಾಲ, ಆಸ್ತಿ, ಮಾರಾಟ, ಕಂತು. ಎಲ್ಲವೂ ಬಿಸಿನೆಸ್ ಭಾಷೆಯಲ್ಲೇ ನಡೆದದ್ದು. ಆಗಿನ ಪಾದ್ರಿಗಳಿಗೆ ಹಣಕಾಸಿನ ಜ್ಞಾನ ಇರಲಿಲ್ಲ ಅನ್ನುವಂತಿಲ್ಲ. ಜಾರ್ಜ್‌ಟೌನ್ 2015ರಲ್ಲಿ ಒಂದು ಸಮಿತಿ ಮಾಡಿತು, 2016ರಲ್ಲಿ ಅದರ ವರದಿ ಹೊರಗೆ ಬಂತು, 2017ರಲ್ಲಿ ಆ ಜನರ ವಂಶಸ್ಥರ ಎದುರು ವಿಶ್ವವಿದ್ಯಾಲಯವೂ ಜೆಸ್ಯುಟರೂ ಕ್ಷಮೆ ಕೇಳಿದರು. ಕ್ಷಮೆ ಸಾಕಾಯಿತಾ ಅನ್ನುವುದು ಬೇರೆ ಚರ್ಚೆ. ಆದರೆ ಕಡತ ತೆಗೆದು ಮೇಜಿನ ಮೇಲೆ ಇಟ್ಟರು ಅನ್ನುವುದು ದೊಡ್ಡ ಮಾತು. ಮಾಹಿತಿ ಹೊರಗೆ ಬಂದ ಮಾತ್ರಕ್ಕೆ ಜನ ಅಲ್ಲಿ ಅರ್ಜಿ ಹಾಕುವುದನ್ನು ನಿಲ್ಲಿಸಲಿಲ್ಲ. ಆ ಭಯ ನಿಮಗಿದ್ದರೆ ಬಿಟ್ಟುಬಿಡಿ.

ಇನ್ನೊಂದು ವ್ಯತ್ಯಾಸವನ್ನೂ ಕೇಸಿನಲ್ಲಿ ಹಾಕಬೇಕು. ಜೆಸ್ಯುಟರಿಗೆ ಮೇಲೆ ಕೇಳುವವರು ಇದ್ದಾರೆ. ಪ್ರಾಂತದ ಮುಖ್ಯಸ್ಥ, ಅವನ ಮೇಲೆ ರೋಮಿನಲ್ಲಿ ಇನ್ನೊಬ್ಬ. ಚರ್ಚಸ್ ಆಫ್ ಕ್ರೈಸ್ಟ್‌ನಲ್ಲಿ ಹಾಗಿಲ್ಲ. ಬಿಷಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ. ಒಂದೊಂದು ಸಭೆಯೂ ಸ್ವತಂತ್ರ. ಹಾಡುವಾಗ ವಾದ್ಯ ಕೂಡ ಬಳಸುವುದಿಲ್ಲ, ಅಷ್ಟು ಸರಳ. ಆ ಸರಳತನ ನನಗೆ ಇಷ್ಟ. ಆದರೆ ಅದರ ಅರ್ಥ ಏನು? ನಿಮ್ಮ ಕಾಲೇಜನ್ನು ‘ಇದು ಕ್ರೈಸ್ತ ಕೆಲಸವಾ?’ ಅಂತ ಹೊರಗಿನಿಂದ ಕೇಳುವ ಅಧಿಕಾರ ಯಾವ ಚರ್ಚಿಗೂ ಇಲ್ಲ. ಆ ಪ್ರಶ್ನೆಯನ್ನು ರೀಜೆಂಟ್‌ಗಳ ಮಂಡಳಿಯೇ, ಅಂದರೆ ನಿಮ್ಮ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯೇ, ತನಗೆ ತಾನೇ ಕೇಳಿಕೊಳ್ಳಬೇಕು. ಕಂಪನಿಗಳ ಆಡಳಿತ ಮಂಡಳಿ ಹೇಗಿರಬೇಕು, ಹೊರಗಿನ ನಿರ್ದೇಶಕರು ಯಾಕೆ ಬೇಕು ಅಂತ ಪಾಠ ಮಾಡುವ ಅಧ್ಯಾಪಕರು ನಿಮ್ಮಲ್ಲೇ ಇದ್ದಾರೆ. ಅವರಿಗೆ ಈ ಪ್ರಶ್ನೆ ಕೊಟ್ಟು ನೋಡಿ.

ಮಲಿಬು ನಿರ್ಧಾರದ ಬೆಲೆ ಇನ್ನೂ ತೆರುತ್ತಲೇ ಇದ್ದೀರಿ ಅನ್ನುವುದು ಕೇಸಿನ ಕೊನೆಯ ಭಾಗ ಆಗಬಹುದು. ಒಣ ಪೊದೆಯ ಗುಡ್ಡ, ಅದರ ಮೇಲೆ ಸಾಂಟಾ ಆನಾ ಅನ್ನುವ ಒಣ ಬಿರುಗಾಳಿ. 2018ರ ನವೆಂಬರ್‌ನ ವುಲ್ಸಿ ಬೆಂಕಿ 96,000 ಎಕರೆಗಿಂತ ಜಾಸ್ತಿ ಸುಟ್ಟಿತು. 2024ರ ಡಿಸೆಂಬರ್‌ನ ಫ್ರಾಂಕ್ಲಿನ್ ಬೆಂಕಿ ಕ್ಯಾಂಪಸ್ಸಿನ ಅಂಚಿಗೇ ಬಂತು. ಎರಡೂ ಸಲ ನಿಮ್ಮ ವಿದ್ಯಾರ್ಥಿಗಳು ಊರು ಬಿಟ್ಟು ಓಡಲಿಲ್ಲ. ಕ್ಯಾಂಪಸ್ಸಿನಲ್ಲೇ, ಲೈಬ್ರರಿಯಂಥ ಗಟ್ಟಿ ಕಟ್ಟಡಗಳಲ್ಲಿ, ಕಿಟಕಿಯ ಆಚೆ ಕೆಂಪು ನೋಡುತ್ತಾ ಕೂತರು. ಬೆಂಕಿ ಬಂದಾಗ ಹೊರಡಬೇಡಿ, ಇಲ್ಲೇ ಇರಿ ಅನ್ನುವುದು ನಿಮ್ಮ ನಿಯಮ. ಅದಕ್ಕೆ ಕಾರಣವೂ ಇದೆ. ಮಲಿಬುವಿಗೆ ಮುಖ್ಯವಾಗಿ ಇರುವುದು ಆ ಒಂದೇ ಹೈವೇ. ಎಲ್ಲರೂ ಒಟ್ಟಿಗೆ ಹೊರಟರೆ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕಟ್ಟಡಗಳ ಸುತ್ತ ಪೊದೆ ಸವರಿ, ನೀರು ಸಂಗ್ರಹಿಸಿ, ಅಗ್ನಿಶಾಮಕ ಇಲಾಖೆಯ ಜೊತೆ ಕೂತು ಮಾಡಿದ ಯೋಜನೆ ಅದು. ಕೆಲಸ ಮಾಡಿದೆ. ಮೆಚ್ಚಬೇಕಾದ್ದೇ. ಆದರೆ ವಿಚಿತ್ರ ನೋಡಿ. 1960ರ ದಶಕದ ಭಯಕ್ಕೆ ಉತ್ತರ ‘ಹೊರಡೋಣ’ ಅಂತ ಇತ್ತು. 2018ರ ಭಯಕ್ಕೆ ಉತ್ತರ ‘ಇಲ್ಲೇ ಇರೋಣ’ ಅಂತ ಆಯಿತು. ಯಾವ ಅಪಾಯಕ್ಕೆ ಒಂದು ಸಂಸ್ಥೆ ಎದೆ ಕೊಡುತ್ತದೆ, ಯಾವುದಕ್ಕೆ ಬೆನ್ನು ತೋರಿಸುತ್ತದೆ ಅನ್ನುವುದನ್ನು ಕಲಿಸಲು ಇದಕ್ಕಿಂತ ಚೆನ್ನಾದ ಜೋಡಿ ನನಗೆ ಸಿಕ್ಕಿಲ್ಲ.

ನಿಮ್ಮ ಕಡೆಯಿಂದ ಬರುವ ಆಕ್ಷೇಪಗಳನ್ನೂ ಊಹಿಸಬಲ್ಲೆ. ಸಿಲಬಸ್ಸಿನಲ್ಲಿ ಜಾಗ ಇಲ್ಲ ಅನ್ನುತ್ತೀರಿ. ಒಂದು ಕೇಸಿಗೆ ಎರಡು ತರಗತಿ ಸಾಕು. ದಾನಿಗಳು ಬೇಸರ ಮಾಡಿಕೊಳ್ಳುತ್ತಾರೆ ಅನ್ನುತ್ತೀರಿ. ಇದು ಸ್ವಲ್ಪ ಗಟ್ಟಿ ಆಕ್ಷೇಪ. 1996ರಲ್ಲಿ ಇಂಪೀರಿಯಲ್ ಬ್ಯಾಂಕ್ ಕಟ್ಟಿದವರಲ್ಲಿ ಒಬ್ಬರಾದ ಜಾರ್ಜ್ ಗ್ರಾಜಿಯಾಡಿಯೊ 1.5 ಕೋಟಿ ಡಾಲರ್ ಕೊಟ್ಟ ಮೇಲೆ ಸ್ಕೂಲಿಗೆ ಅವರ ಹೆಸರು ಬಂತು. ದೊಡ್ಡ ದಾನವಿಲ್ಲದೆ ಖಾಸಗಿ ಕಾಲೇಜು ನಡೆಯುವುದಿಲ್ಲ, ಒಪ್ಪಿದೆ. ಆದರೆ ದುಡ್ಡು ಮಾಡಿದವರಿಗೆ ದುಡ್ಡು ಕಳೆದುಕೊಂಡ ಕಥೆ ಹೊಸದಲ್ಲ. ಬ್ಯಾಂಕು ನಡೆಸಿದವರಿಗಂತೂ ಅದು ದಿನದ ಕೆಲಸ. ಅವರು ನೀವು ಅಂದುಕೊಂಡಷ್ಟು ಸೂಕ್ಷ್ಮ ಇರಲಿಕ್ಕಿಲ್ಲ.

ಮೂರನೆಯದು ವಿದ್ಯಾರ್ಥಿಗಳ ಕಡೆಯಿಂದ. ನಾವು ಕ್ರೈಸ್ತರಲ್ಲ, ನಮಗೆ ಯಾಕೆ ಈ ಚರ್ಚಿನ ಪುರಾಣ? ಕನ್ನಡದ ಹುಡುಗರು ಕೇಳುವುದು ಇದನ್ನೇ. ಅವರಿಗೆ ನನ್ನ ಉತ್ತರ ಇದು. ಧರ್ಮದ ಹೆಸರು ಇಲ್ಲದ ಕಂಪನಿಯಲ್ಲೂ ಒಂದು ಧರ್ಮ ಇರುತ್ತದೆ. ಯಾವುದನ್ನು ಎಷ್ಟು ದುಡ್ಡು ಕೊಟ್ಟರೂ ಮಾಡುವುದಿಲ್ಲ ಅಂತ ಅಲ್ಲಿಯೂ ಯಾರೋ ಒಂದು ಗೆರೆ ಎಳೆದಿರುತ್ತಾರೆ, ಆದರೆ ಬರೆದಿಟ್ಟಿರುವುದಿಲ್ಲ. ಇಲ್ಲಿ ಬರೆದಿಟ್ಟಿದ್ದಾರೆ. ಬರೆದಿಟ್ಟ ಮಾತು ಒಂದು ಕಡೆ, ದುಡ್ಡಿನ ಒತ್ತಡ ಇನ್ನೊಂದು ಕಡೆ. ನಡುವೆ ನಿಂತು ತೀರ್ಮಾನ ಮಾಡುವುದನ್ನು ಕಲಿಯಲು ಇಂಥ ಜಾಗವೇ ಸರಿ. ನಂಬಿಕೆ ಇಲ್ಲದವನೂ ಆ ಅಭ್ಯಾಸ ಮಾಡಬಹುದು. ಕಾಲೇಜು ನೋಡಲು ಹೋದಾಗ, ಆನ್‌ಲೈನ್ ಮಾಹಿತಿ ಸಭೆಯಲ್ಲಿ ಕೂತಾಗ, ಪ್ಲೇಸ್‌ಮೆಂಟ್ ಪ್ರಶ್ನೆಯ ಜೊತೆಗೆ ಇದನ್ನೂ ಒಂದು ಸಲ ಕೇಳಿ: ಈ ಸಂಸ್ಥೆ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಳ್ಳಲು ಕಷ್ಟಪಟ್ಟ ಒಂದು ಸಂದರ್ಭ ಹೇಳಿ. ಉತ್ತರ ಕೊಡುವವರು ತಡವರಿಸಿದರೆ ಪರವಾಗಿಲ್ಲ. ಕಷ್ಟವೇ ಬಂದಿಲ್ಲ ಅಂದರೆ ಹುಷಾರು.

ಇನ್ನು ಕೆಲಸದ ಮಾತು. ಈ ಕೇಸನ್ನು ಪ್ರಚಾರ ವಿಭಾಗದವರ ಕೈಗೆ ಕೊಡಬೇಡಿ. ಇತಿಹಾಸ ವಿಭಾಗದ ಒಬ್ಬರು, ಹಣಕಾಸು ಕಲಿಸುವ ಒಬ್ಬರು, ವರ್ಮಾಂಟ್ ಅವೆನ್ಯೂ ಕಡೆಯ ಹಳಬರು ಒಂದಿಬ್ಬರು ಸೇರಿ ಬರೆಯಲಿ. ಹಳಬರಿಗೆ ಸಂಭಾವನೆ ಕೊಡಿ, ಸುಮ್ನೆ ನೆನಪು ಕೇಳಿಕೊಂಡು ಬರಬೇಡಿ. ಕಂಪನಿಗಳಿಗೆ ಹೋಗಿ ಅವರ ಸಮಸ್ಯೆ ಬಿಡಿಸುವ ಪ್ರಾಜೆಕ್ಟುಗಳನ್ನು ನಿಮ್ಮ ವಿದ್ಯಾರ್ಥಿಗಳು ಮಾಡುತ್ತಾರಲ್ಲ, ಅದೇ ಥರ ಒಂದು ತಂಡವನ್ನು ನಿಮ್ಮದೇ ಕಡತಗಳ ಕೋಣೆಗೆ ಕಳಿಸಿ. ಕೆಲಸ ಮುಗಿಸಿ ಸಂಜೆ ತರಗತಿಗೆ ಬರುವ ವಿದ್ಯಾರ್ಥಿಗಳು ನಿಮ್ಮಲ್ಲಿ ಶುರುವಿನಿಂದಲೂ ಇದ್ದಾರೆ. ಹಗಲು ಆಫೀಸಿನಲ್ಲಿ ಜನರನ್ನು ಕೆಲಸದಿಂದ ತೆಗೆದು, ಶಾಖೆ ಮುಚ್ಚಿ, ಬಜೆಟ್ ಕಡಿದು ಬಂದವರು ಅವರು. ಒಂದು ಕ್ಯಾಂಪಸ್ ಬಿಟ್ಟುಹೋಗುವುದು ಅಂದರೆ ಏನು ಅಂತ ಅವರಿಗೆ ವಿವರಿಸಬೇಕಿಲ್ಲ. ಅವರೇ ನಿಮಗೆ ಹೇಳಿಕೊಡುತ್ತಾರೆ.

ಬರೆದ ಮೇಲೆ ಅದಕ್ಕೆ ಬೆಲೆ ಇಡಬೇಡಿ. ಕೇಸುಗಳನ್ನು ಪ್ರತಿಗೆ ಇಷ್ಟು ಅಂತ ಮಾರುವ ಪದ್ಧತಿ ಬಿಸಿನೆಸ್ ಸ್ಕೂಲುಗಳಲ್ಲಿದೆ. ಇದೊಂದನ್ನು ಯಾರು ಬೇಕಾದರೂ ಓದಲು ಬಿಡಿ. ಪುಕ್ಕಟೆಯಾಗಿ ಪಡೆದಿದ್ದೀರಿ, ಪುಕ್ಕಟೆಯಾಗಿ ಕೊಡಿ ಅನ್ನುವ ಬೈಬಲ್ಲಿನ ಮಾತು ನಿಮ್ಮ ವಿಶ್ವವಿದ್ಯಾಲಯದ ಧ್ಯೇಯವಾಕ್ಯ. ಫೀಸಿನ ವಿಷಯದಲ್ಲಿ ಅದನ್ನು ಎತ್ತಿ ನಿಮ್ಮನ್ನು ಕಾಡುವುದಿಲ್ಲ. ಇಪ್ಪತ್ತು ಪುಟದ ಕೇಸಿನ ವಿಷಯದಲ್ಲಾದರೂ ಪಾಲಿಸಬಹುದಲ್ಲ.

ಒಳ್ಳೆಯ ಕೇಸ್ ಸಂಸ್ಥಾಪಕರ ಹುಟ್ಟಿನಿಂದ ಶುರುವಾಗುವುದಿಲ್ಲ, ನಿಮಗೇ ಗೊತ್ತು. ತೀರ್ಮಾನ ಮಾಡಬೇಕಾದ ಒಬ್ಬ ಮನುಷ್ಯ, ಅವನ ಮೇಜು, ಅವನಿಗಿರುವ ಗಡುವು, ಅಲ್ಲಿಂದ ಶುರುವಾಗುತ್ತದೆ. ಹಾಗಾಗಿ ಮೊದಲ ಪುಟದಲ್ಲಿ ಅಂಚೆಚೀಟಿ ಬೇಡ. 1969ರ ಮಾರ್ಚ್, ವರ್ಮಾಂಟ್ ಅವೆನ್ಯೂ, ಅಧ್ಯಕ್ಷರ ಕೋಣೆ. ಹೊರಗೆ ಬಡಾವಣೆಯ ಜನ ಬಂದಿದ್ದಾರೆ ಅಂತ ಬರೆಯಿರಿ. ಆಮೇಲೆ ವಿದ್ಯಾರ್ಥಿಗಳನ್ನು ಕೇಳಿ, ಈಗ ಮೊದಲು ಯಾರ ಜೊತೆ ಮಾತನಾಡುತ್ತೀರಿ ಅಂತ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುವ ಒಬ್ಬ ಕನ್ನಡಿಗ